ಬರೀ ಎಂಟರ್ ಒತ್ತೋ ಆಟ

ವಿಷುವಲ್ ನಾವೆಲ್ ಆಡುತ್ತೇನೆ ಅಂದರೆ ಕೇಳಿದವರಿಗೆ ಮೊದಲು ಬರುವ ಅನುಮಾನ ಒಂದೇ. ಅದರಲ್ಲಿ ಆಡೋದು ಏನಿದೆ? ಸ್ಕ್ರೀನಿನ ತುಂಬ ಒಂದು ಚಿತ್ರ. ಅದರ ಮುಂದೆ ದೊಡ್ಡ ಕಣ್ಣಿನ ಅನಿಮೆ (ಜಪಾನಿನ ಕಾರ್ಟೂನ್) ಹುಡುಗಿಯೋ ಹುಡುಗನೋ ನಿಂತಿರುತ್ತಾರೆ. ಕೆಳಗೆ ಮಾತು ಮೂಡುತ್ತದೆ. ಎಂಟರ್ ಒತ್ತಿದರೆ ಮುಂದಿನ ಸಾಲು. ಮತ್ತೆ ಎಂಟರ್, ಇನ್ನೊಂದು ಸಾಲು. ಓಡುವುದಿಲ್ಲ, ಹಾರುವುದಿಲ್ಲ, ಯಾರಿಗೂ ಗುಂಡು ಹೊಡೆಯುವುದಿಲ್ಲ. ಮೂವತ್ತು ಗಂಟೆಗೂ ಜಾಸ್ತಿ ಹೀಗೇ ಓದುತ್ತಾ ಹೋಗಬೇಕು. ಹಾಗಾದರೆ ಪುಸ್ತಕಾನೇ ಓದಬಹುದಲ್ವಾ ಅಂತ ಕೇಳಿದರೆ ತಟ್ಟನೆ ಹೇಳುವಂಥ ಉತ್ತರ ನನ್ನ ಹತ್ತಿರ ಇರಲಿಲ್ಲ. ಇದು ಆಟವೇ ಅಂತ ಮನಸ್ಸು ಹೇಳುತ್ತಿತ್ತು. ಯಾಕೆ ಅನ್ನುವುದು ಮಾತಿಗೆ ಸಿಗುತ್ತಿರಲಿಲ್ಲ.

ನಾನು ಹೇಳುತ್ತಿರುವುದು ಸ್ಟೈನ್ಸ್ ಗೇಟ್ ಬಗ್ಗೆ. 2009ರಲ್ಲಿ ಜಪಾನಿನಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ ಆಟ. ಮಾಡಿದ್ದು 5ಪಿಬಿ ಮತ್ತು ನೈಟ್ರೋಪ್ಲಸ್ ಕಂಪನಿಗಳು. ಇಂಗ್ಲಿಷ್ ಆವೃತ್ತಿ ಬಂದಿದ್ದು 2014ರಲ್ಲಿ, ಕಂಪ್ಯೂಟರ್ ಆಟ ಮಾರುವ ತಾಣ ಸ್ಟೀಮ್‌ಗೆ ಬಂದಿದ್ದು 2016ರಲ್ಲಿ. ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿರುವುದು 2011ರ ಅನಿಮೆ. ಅದನ್ನು ನೋಡಿದವರಿಗೆ ಕಥೆ ಮತ್ತೆ ಹೇಳಬೇಕಿಲ್ಲ. ನೋಡದವರಿಗೆ ಒಂದು ಮಾತು: ಗುಟ್ಟುಗಳನ್ನು ಬಿಟ್ಟುಕೊಡದೆ ಇದರ ಬಗ್ಗೆ ಬರೆಯೋಕೆ ನನಗೆ ಬರುವುದಿಲ್ಲ. ಬೇಡ ಅನ್ನುವವರು ಇಲ್ಲೇ ನಿಲ್ಲಿಸಬಹುದು.

ಹಾನುಬಾಳಿನ ಮಳೆಯಲ್ಲಿ

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಹಾನುಬಾಳು ಕಡೆ ಇರುವ ಮಾವನ ಮನೆಗೆ ಹೋಗಿದ್ದೆ. ಆ ಕಡೆ ಮಳೆ ಹಿಡಿದರೆ ಕರೆಂಟು ಯಾವಾಗ ಬರುತ್ತೆ ಅಂತ ಯಾರೂ ಕೇಳುವುದಿಲ್ಲ. ನೆಟ್‌ವರ್ಕ್ ಕೂಡ ಅದರ ಹಿಂದೆಯೇ ಹೋಗುತ್ತದೆ. ಇಂಥ ಹೊತ್ತಿಗೆ ವಿಷುವಲ್ ನಾವೆಲ್‌ನಷ್ಟು ಹೊಂದುವ ಆಟ ಇನ್ನೊಂದಿಲ್ಲ. ಗ್ರಾಫಿಕ್ಸ್ ಕಾರ್ಡ್ ಬೇಡ, ಇಂಟರ್ನೆಟ್ ಬೇಡ. ಸ್ಕ್ರೀನಿನ ಬೆಳಕು ಕಮ್ಮಿ ಮಾಡಿಕೊಂಡರೆ ಹಳೇ ಲ್ಯಾಪ್‌ಟಾಪಿನ ಬ್ಯಾಟರಿಯೂ ಬಹಳ ಹೊತ್ತು ಬರುತ್ತದೆ. ಜಗಲಿಯಲ್ಲಿ ಕೂತು ಎಂಟರ್ ಒತ್ತುತ್ತಿದ್ದೆ. ಮಾವ ಒಳಗಿಂದ ಬಂದವರು ಸ್ವಲ್ಪ ಹೊತ್ತು ಹಿಂದೆ ನಿಂತು ನೋಡಿದರು.

"ಇದ್ಯಾವ ಆಟಾನ್ಲಾ? ಆಗ್ಲಿಂದ ಒಂದೇ ಬಟನ್ ಒತ್ತಾ ಕೂತಿದ್ದೀಯ."

ಕಥೆ ಹೇಳಿದರೆ ಬಿಟ್ಟುಹೋಗುತ್ತಾರೆ ಅಂದುಕೊಂಡು ಹೇಳಿದೆ. ಟೋಕಿಯೋದಲ್ಲಿ ಅಕಿಹಬಾರ ಅಂತ ಎಲೆಕ್ಟ್ರಾನಿಕ್ ಅಂಗಡಿಗಳ ಬೀದಿ ಮಾವ. ಅಲ್ಲಿ ಒಕಾಬೆ ಅಂತ ಒಬ್ಬ ಕಾಲೇಜು ಹುಡುಗ. ತಾನು ದೊಡ್ಡ ಹುಚ್ಚು ವಿಜ್ಞಾನಿ ಅಂತ ಹೇಳಿಕೊಂಡು ಓಡಾಡುತ್ತಾನೆ. ಅವನೂ ಅವನ ಗೆಳೆಯರೂ ಮೈಕ್ರೋವೇವ್ ಓವನ್ನಿಗೆ ಒಂದು ಫೋನ್ ಜೋಡಿಸುತ್ತಾರೆ. ಅದರಿಂದ ಹಿಂದಿನ ದಿನಗಳಿಗೆ ಮೆಸೇಜ್ ಹೋಗೋಕೆ ಶುರುವಾಗುತ್ತೆ. ಒಕಾಬೆಯ ಬಾಲ್ಯದ ಗೆಳತಿ ಮಯೂರಿಯ ಹೆಸರು ಬಂದಾಗ ಅಡುಗೆಮನೆಯಿಂದ ಅತ್ತೆ, "ನಮ್ಮ ಕಡೆ ಹುಡುಗೀನಾ?" ಅಂದರು. ಮಾವ ಮಾತ್ರ ಮೆಸೇಜಿನ ಹತ್ತಿರವೇ ನಿಂತಿದ್ದರು.

"ಎಷ್ಟು ಹಿಂದಕ್ಕೆ ಕಳಿಸ್ಬೋದು?"

"ವರ್ಷಗಟ್ಟಲೆ. ಆದ್ರೆ ಉದ್ದ ಬರೆಯಂಗಿಲ್ಲ. ಮೂವತ್ತಾರು ಬೈಟ್ ಅಷ್ಟೇ."

ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. "ಕಾಫಿ ಮಾರ್ಬೇಡ."

ಯಾಕೆ ಅಂತ ಕೇಳುವ ಅಗತ್ಯ ಇರಲಿಲ್ಲ. ಮಲೆನಾಡಿನಲ್ಲಿ ಈ ನೋವು ಬಹಳ ಮನೆಗಳಲ್ಲಿದೆ. 2024ರಲ್ಲಿ ರೋಬಸ್ಟ ರೇಟು ಯಾರೂ ಕಾಣದ ಎತ್ತರಕ್ಕೆ ಹೋಯಿತು. ವಿಯೆಟ್ನಾಮಿನಲ್ಲಿ ಬರ ಬಂದು ಫಸಲು ಕಮ್ಮಿಯಾಗಿದ್ದು ಅದಕ್ಕೆ ಒಂದು ದೊಡ್ಡ ಕಾರಣ. ಮಾವ ಆ ವರ್ಷದ ಚೆರಿಯನ್ನು ಕಣದಿಂದ ಎತ್ತಿ, ಚೀಲ ಕಟ್ಟಿ, ರೇಟು ಏರುವ ಮೊದಲೇ ಕೊಟ್ಟುಬಿಟ್ಟಿದ್ದರು. ಆಮೇಲೆ ಪ್ರತಿ ವಾರ ರೇಟು ಕೇಳಿದಾಗಲೂ ಮನೆಯಲ್ಲಿ ಯಾರಾದರೂ ಒಬ್ಬರು ಬೈಸಿಕೊಳ್ಳುತ್ತಿದ್ದರಂತೆ.

(ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಆಟದಲ್ಲಿ ಆ 36 ಬೈಟ್ ಒಟ್ಟಿಗೆ ಹೋಗುವುದಿಲ್ಲ. ಹನ್ನೆರಡು ಹನ್ನೆರಡಾಗಿ ಮೂರು ತುಂಡಾಗುತ್ತದೆ. ಯೂನಿಕೋಡಿನ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಅಕ್ಷರ ಬೇರೆ, ಅದರ ದೀರ್ಘ ಬೇರೆ, ಗುಡಿಸು ಬೇರೆ, ಎಲ್ಲಕ್ಕೂ ಮೂರು ಮೂರು. "ಕಾಫಿ ಮಾರಬೇಡ" ಅಂತ ಬರೆದರೆ ನಡುವಿನ ಖಾಲಿ ಜಾಗದ 1 ಬೈಟ್ ಸೇರಿ 31. ಆರಾಮಾಗಿ ಹಿಡಿಸುತ್ತದೆ. ತುಂಡಾಗುವ ಜಾಗ ಇನ್ನೂ ಚೆನ್ನಾಗಿದೆ: ಮೊದಲ ಮೆಸೇಜ್ "ಕಾಫಿ", ಎರಡನೆಯದು "ಮಾರ", ಮೂರನೆಯದು "ಬೇಡ". ಕೊನೆಗೆ ಒಂದು "ಕಣೋ" ಸೇರಿಸೋಕೆ ಮಾತ್ರ ಜಾಗ ಇಲ್ಲ.)

ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಮಾರದೇ ಇದ್ದಿದ್ರೆ ಚಿಕ್ಕವಳ ಫೀಸು ಯಾರು ಕಟ್ತಿದ್ರು?" ಸಾಲ ಮಾಡುತ್ತಿದ್ದೆ ಅಂದರು ಮಾವ. "ಸ್ಪ್ರಿಂಕ್ಲರ್ ಸೆಟ್ಟಿಗೂ ಸಾಲಾನಾ?" ಅಂದರು ಅತ್ತೆ. ಮಾವ ಸುಮ್ಮನಾದರು. ಅದೇ ದುಡ್ಡಿನಲ್ಲಿ ಪೈಪು, ಸ್ಪ್ರಿಂಕ್ಲರ್ ತಂದಿದ್ದರು. ಆ ಬೇಸಿಗೆಯಲ್ಲಿ ಹೂಮಳೆ ಸರಿಯಾಗಿ ಬೀಳಲಿಲ್ಲ. ನೀರು ಹಾಯಿಸಿದವರ ತೋಟದಲ್ಲಿ ಮಾತ್ರ ಹೂ ಚೆನ್ನಾಗಿ ಬಿಟ್ಟಿತು. ಮುಂದಿನ ವರ್ಷ ಒಳ್ಳೇ ರೇಟಿಗೆ ಮಾರಿದ್ದು ಆ ಹೂವಿನ ಕಾಯನ್ನೇ. ಮಾವ ಇದನ್ನೆಲ್ಲ ಒಂದೊಂದಾಗಿ ಬಾಯಲ್ಲೇ ಲೆಕ್ಕ ಹಾಕಿದರು. ಕೊನೆಗೆ, "ಹಂಗಾದ್ರೆ ಕಳಿಸಿದ್ ಮೆಸೇಜು ವಾಪಸ್ ತಗೋಬೇಕು ಅಂತಾಯ್ತು. ಹೆಂಗ್ ತಗೋತಾರೋ?" ಅಂತ ಕೇಳಿದರು.

ಸ್ಟೈನ್ಸ್ ಗೇಟ್‌ನ ಎರಡನೇ ಅರ್ಧ ಪೂರ್ತಿ ಈ ಒಂದು ಪ್ರಶ್ನೆ. ಮಾವ ಒಂದೇ ಒಂದು ಬಟನ್ ಒತ್ತದೆ ಅಲ್ಲಿಗೆ ಬಂದಿದ್ದರು. ಅವರು ಆಡಿದ್ದು ಯಾವುದರಿಂದ? ನೆನಪಿನಿಂದ. ಕಣದ ನೆನಪು, ಫೀಸಿನ ನೆನಪು, ಮಳೆ ಬಾರದ ಬೇಸಿಗೆಯ ನೆನಪು. ಅವನ್ನು ಹಿಂದೆ ಮುಂದೆ ಜೋಡಿಸಿ, ಒಂದನ್ನು ತೆಗೆದರೆ ಯಾವುದು ಬೀಳುತ್ತೆ ಅಂತ ನೋಡಿದರು. ನಾನು ಹುಡುಕುತ್ತಿದ್ದ ಉತ್ತರದ ಬಾಲ ಅಲ್ಲಿ ಸಿಕ್ಕಿತು ಅನ್ನಿಸಿತು.

ಪಿಕ್ಚರ್ ಟ್ಯೂಬ್

ಈ ಆಟದ ಬಗ್ಗೆ ಎಲ್ಲರೂ ಹೇಳುವ ದೂರು ಒಂದಿದೆ. ಮೊದಲ ಅರ್ಧ ಬರೀ ಹರಟೆ, ಕಥೆ ಮುಂದಕ್ಕೇ ಹೋಗುವುದಿಲ್ಲ, ಹೇಗಾದರೂ ಸಹಿಸಿಕೊಳ್ಳಿ, ಆಮೇಲೆ ಚೆನ್ನಾಗಿದೆ. ಇದನ್ನು ನಾನು ಒಪ್ಪುವುದಿಲ್ಲ. ಸಹಿಸಿಕೊಳ್ಳುವ ಮಾತೇ ತಪ್ಪು. ಮೊದಲ ಅರ್ಧದಲ್ಲಿ ಇವರು ಮಾಡುವುದು ಏನು? ಬೇಸಿಗೆ ರಜೆಯಲ್ಲಿ ಒಂದು ಬಾಡಿಗೆ ರೂಮಿನಲ್ಲಿ ಕೂತು ಪೆಪ್ಪರ್ ಕುಡಿಯುತ್ತಾರೆ (ಡಾಕ್ಟರ್ ಪೆಪ್ಪರ್ ಅನ್ನುವ ಸೋಡ, ಒಕಾಬೆಗೆ ಪ್ರಾಣ). ಯಾವುದಕ್ಕೂ ಬಾರದ ಯಂತ್ರಗಳನ್ನು ಮಾಡುತ್ತಾರೆ. ಒಬ್ಬರನ್ನೊಬ್ಬರು ಕಾಲೆಳೆಯುತ್ತಾರೆ. ಕೆಳಗಿನ ಮಹಡಿಯಲ್ಲಿ ಹಳೇ ಟಿವಿ ಅಂಗಡಿ. 2010ನೇ ಇಸವಿಯಲ್ಲೂ ಅದರ ಮಾಲೀಕ ಪಿಕ್ಚರ್ ಟ್ಯೂಬ್ ಇರುವ ಟಿವಿಗಳನ್ನೇ ಮಾರುತ್ತಾನೆ. ಗಿರಾಕಿ ಬರುವುದಿಲ್ಲ. ಆದರೂ ಅಂಗಡಿಯಲ್ಲಿ 42 ಇಂಚಿನ ದೊಡ್ಡ ಟಿವಿಯೊಂದು ಸುಮ್ಮನೆ ಓಡುತ್ತಿರುತ್ತದೆ.

ಆ ಅಂಗಡಿಯ ಚಿತ್ರ ಬಂದಾಗೆಲ್ಲ ನಾನು ಎಂಟರ್ ಒತ್ತುವುದು ನಿಲ್ಲಿಸಿ ನೋಡುತ್ತಿದ್ದೆ. ಹಾಸನದಲ್ಲಿ ನಮ್ಮ ಮನೆಯ ಹತ್ತಿರ ಅಂಥದ್ದೇ ಒಂದು ರಿಪೇರಿ ಅಂಗಡಿ ಇತ್ತು. ಗೋಡೆಯ ಉದ್ದಕ್ಕೂ ಬೆನ್ನು ಬಿಚ್ಚಿದ ಟಿವಿಗಳು. ಸೋಲ್ಡರಿಂಗ್ ಹೊಗೆಯ ವಾಸನೆ. ನಮ್ಮ ಟಿವಿ ಕೆಟ್ಟಾಗ ಅಪ್ಪನ ಜೊತೆ ಹೋಗಿ ಕಾಯುತ್ತಾ ಕೂರುತ್ತಿದ್ದೆ. ರಿಪೇರಿ ಮಾಡುವವರು ನನ್ನನ್ನು ದೂರ ಕೂರಿಸುತ್ತಿದ್ದರು. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತರೂ ಟ್ಯೂಬಿನಲ್ಲಿ ಕರೆಂಟು ಉಳಿದಿರುತ್ತೆ, ಮುಟ್ಟಿದರೆ ಎತ್ತಿ ಎಸೆಯುತ್ತೆ ಅಂತ ಹೆದರಿಸುತ್ತಿದ್ದರು. ಅದು ನಿಜ ಕೂಡ. ಆ ಟ್ಯೂಬುಗಳು ಸಾವಿರಾರು ವೋಲ್ಟಿನವು, ಆಫ್ ಮಾಡಿದ ಮೇಲೂ ಒಳಗೆ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತವೆ. ಅಂಗಡಿಗೆ ಬಂದವರಲ್ಲಿ ಅರ್ಧ ಜನಕ್ಕೆ ರಿಪೇರಿ ಕೆಲಸವೇ ಇರುತ್ತಿರಲಿಲ್ಲ. ಯಾರೋ ಒಬ್ಬರು ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರ ಎಂಸಿಎಫ್‌ನಲ್ಲಿ ತಮಗೆ ಪರಿಚಯದವರು ಇದ್ದಾರೆ ಅಂತ ಶುರು ಮಾಡುತ್ತಿದ್ದರು. ಇಸ್ರೋದ ಉಪಗ್ರಹಗಳನ್ನು 1982ರಿಂದ ಇಲ್ಲಿಂದಲೇ ನಡೆಸುತ್ತಾರೆ ಅನ್ನುವುದು ಹಾಸನದ ಎಲ್ಲರಿಗೂ ಗೊತ್ತು. ಆದರೂ ಪ್ರತಿ ಸಲ ಹೊಸ ಸುದ್ದಿ ಅನ್ನುವ ಹಾಗೆ ಹೇಳಬೇಕು. ಉಪಗ್ರಹ ಮೇಲಿಂದ ಬಿದ್ದರೆ ನೇರ ಎಂಸಿಎಫ್ ಮೇಲೆ ಬೀಳುತ್ತಾ ಅಂತ ನಾನು ಕೇಳಿದ್ದೆ. ಎಲ್ಲರೂ ನಕ್ಕಿದ್ದರು. ಸ್ಟೈನ್ಸ್ ಗೇಟ್‌ನ ಮೊದಲ ಅಧ್ಯಾಯದಲ್ಲೇ ಉಪಗ್ರಹದಂಥದ್ದೊಂದು ಬಂದು ರೇಡಿಯೋ ಕೈಕನ್ ಕಟ್ಟಡಕ್ಕೆ ಚುಚ್ಚಿಕೊಂಡು ನಿಲ್ಲುತ್ತದೆ. ಅವತ್ತು ನಕ್ಕವರಿಗೆ ಆ ಚಿತ್ರ ತೋರಿಸಬೇಕಿತ್ತು.

ಈಗ ಆಟದ ಗುಟ್ಟು. ಫೋನ್ ಮೈಕ್ರೋವೇವ್ ಕೆಲವು ಹೊತ್ತು ಕೆಲಸ ಮಾಡುತ್ತದೆ, ಕೆಲವು ಹೊತ್ತು ಮಾಡುವುದಿಲ್ಲ. ಕೊನೆಗೆ ಗೊತ್ತಾಗುವುದು ಇಷ್ಟು: ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ ಮಾತ್ರ ಅದು ಹಿಂದಕ್ಕೆ ಮೆಸೇಜ್ ಕಳಿಸುತ್ತದೆ. ಯಾಕೆ? ಕೆಳಗಿನ ಅಂಗಡಿಯ ಆ 42 ಇಂಚಿನ ಟಿವಿ ಓಡುವುದು ಆ ಹೊತ್ತಿನಲ್ಲಿ. ನಾವು ತಮಾಷೆ ಅಂದುಕೊಂಡು ದಾಟಿ ಬಂದ ಸಾಮಾನೇ ಯಂತ್ರದ ಅರ್ಧ ಭಾಗ. ಒಳ್ಳೇ ಪತ್ತೇದಾರಿ ಕಥೆ ಸುಳಿವನ್ನು ಎಲ್ಲರ ಕಣ್ಣೆದುರಿಗೆ ಇಟ್ಟು ಬೇರೆ ಏನೋ ಮಾತಾಡುತ್ತದೆ. ಇಲ್ಲಿ ಬೇರೆ ಏನೋ ಅಂದರೆ ಹರಟೆ. ವಿಷುವಲ್ ನಾವೆಲ್‌ಗಳಲ್ಲಿ ಮಾತುಗಳನ್ನು ಸರಸರನೆ ಓಡಿಸುವ ಸ್ಕಿಪ್ ಸೌಲಭ್ಯ ಇರುತ್ತದೆ. ಮೊದಲ ಸಲವೇ ಅದನ್ನು ಬಳಸಿ ಓಡಿಸಿದವರಿಗೆ ಕಥೆ ಅರ್ಥವಾಗಬಹುದು. ನೋವು ಆಗುವುದಿಲ್ಲ. ಯಾರ ಜೊತೆ ಕಾಲ ಕಳೆದಿಲ್ಲವೋ ಅವರು ಇಲ್ಲವಾದರೆ ಏನು ಅನ್ನಿಸುತ್ತೆ?

ಒಬ್ಬನಿಗೆ ಮಾತ್ರ ನೆನಪಿರುವುದು

ಮೆಸೇಜ್ ಹಿಂದಕ್ಕೆ ಹೋದ ಕೂಡಲೇ ಲೋಕ ಬದಲಾಗುತ್ತದೆ. ಬದಲಾಗಿದೆ ಅಂತ ಗೊತ್ತಾಗುವುದು ಒಕಾಬೆಗೆ ಮಾತ್ರ. ಉಳಿದವರಿಗೆ ಲೋಕ ಯಾವತ್ತೂ ಹಾಗೇ ಇತ್ತು. ಒಬ್ಬೊಬ್ಬ ಗೆಳೆಯರಿಗೂ ಒಂದೊಂದು ಆಸೆ. ಫೇರಿಸ್ ಅನ್ನುವ ಹುಡುಗಿ ಕಳಿಸುವ ಮೆಸೇಜಿನಿಂದ ಸತ್ತುಹೋಗಿದ್ದ ಅವಳ ತಂದೆ ಬದುಕಿ ಮನೆಯಲ್ಲಿರುತ್ತಾರೆ. ಆಮೇಲೆ ಮಯೂರಿಯ ಸಾವು ಶುರುವಾಗುತ್ತದೆ. ಒಕಾಬೆ ಅವಳನ್ನು ಉಳಿಸೋಕೆ ತನ್ನ ನೆನಪನ್ನೇ ಹಿಂದಕ್ಕೆ ಕಳಿಸಿಕೊಳ್ಳುತ್ತಾನೆ. 48 ಗಂಟೆಗಿಂತ ಹಿಂದೆ ಹೋಗೋಕಾಗಲ್ಲ. ಎಷ್ಟು ಸಲ ಹೋದರೂ ಅವಳು ಒಂದಲ್ಲ ಒಂದು ರೀತಿ ಸಾಯುತ್ತಾಳೆ. ಉಳಿದಿರುವ ದಾರಿ ಮಾವ ಕೇಳಿದ್ದೇ. ಕಳಿಸಿದ ಮೆಸೇಜುಗಳನ್ನು ಒಂದೊಂದಾಗಿ ವಾಪಸ್ ತೆಗೆದುಕೊಳ್ಳಬೇಕು. ಅಂದರೆ ಫೇರಿಸ್ ಮುಂದೆ ನಿಂತು, ನಿನ್ನ ತಂದೆ ಇರಬಾರದು ಅಂತ ಹೇಳಬೇಕು.

ಇಲ್ಲಿ ಆಟ ನಮ್ಮ ಕೈಗೆ ಕೊಡುವುದು ಒಂದು ಫೋನ್ ಅಷ್ಟೇ. ಹೌದು, ಇಲ್ಲ ಅನ್ನುವ ಪಟ್ಟಿ ಬರುವುದಿಲ್ಲ. ಫೋನ್ ತೆಗೆಯಬಹುದು, ತೆಗೆಯದೇ ಇರಬಹುದು. ಬಂದ ಕರೆಯನ್ನು ಎತ್ತಬಹುದು, ಬಿಡಬಹುದು. ಕೆಲವು ಕಡೆ ನಾವು ಏನೂ ಮಾಡದೆ ಎಂಟರ್ ಒತ್ತುತ್ತಾ ಹೋದರೆ ಅದೇ ತೀರ್ಮಾನ. ಮಿಸ್ಡ್ ಕಾಲ್‌ನಲ್ಲೇ ಸಂಸಾರ ನಡೆಸಿದ ನಮ್ಮ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತದೇ ಇದ್ದರೂ ಅದೊಂದು ಉತ್ತರವೇ. ಆಟಕ್ಕೆ ಒಟ್ಟು ಆರು ಕೊನೆಗಳಿವೆ. ಅವುಗಳಲ್ಲಿ ಹಲವು ಒಕಾಬೆ ಎಲ್ಲಿ ಸಾಕು ಅಂತ ನಿಂತನೋ ಅಲ್ಲಿನ ಕೊನೆಗಳು. ಇಷ್ಟು ಕಳೆದುಕೊಂಡಿದ್ದು ಸಾಕು, ಇನ್ನು ಯಾರ ಆಸೆಯನ್ನೂ ಕಿತ್ತುಕೊಳ್ಳಲ್ಲ ಅಂತ ಅವನು ಕೂತುಬಿಡುತ್ತಾನೆ. ಒಂದರಲ್ಲಿ ಮೆಸೇಜ್ ಕಳಿಸದೆ ಅದೇ ಎರಡು ದಿನಗಳನ್ನು ಮತ್ತೆ ಮತ್ತೆ ಬದುಕುತ್ತಾ ಒಳಗಿಂದ ಒಣಗಿಹೋಗುತ್ತಾನೆ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ. ಅಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಬದುಕುವುದೂ ಇಲ್ಲ.

ಆಟ ಅನ್ನಿಸುವುದು ಇಲ್ಲೇ. ಒಂದು ಕೊನೆ ಮುಗಿಸಿ ಹಳೇ ಸೇವ್ ಫೈಲಿಗೆ ವಾಪಸ್ ಹೋದಾಗ ಫೇರಿಸ್‌ಗೆ ಏನೂ ಗೊತ್ತಿರುವುದಿಲ್ಲ. ನನಗೆ ಗೊತ್ತಿರುತ್ತದೆ. ಅವಳ ತಂದೆಯ ಜೊತೆ ಮಾತಾಡಿದ ಸಂಜೆ ನನ್ನ ತಲೆಯಲ್ಲಿದೆ, ಅವಳ ತಲೆಯಲ್ಲಿಲ್ಲ. ಒಕಾಬೆಯ ಒಂಟಿತನವನ್ನು ಅನಿಮೆಯಲ್ಲಿ ನಾನು ನೋಡಿದ್ದೆ. ಆಟದಲ್ಲಿ ಅದು ನನಗೇ ಬಂತು. ಇದಕ್ಕೆ ಓಟವೂ ಬೇಡ, ಗುಂಡೂ ಬೇಡ. ಎಂಟರ್ ಒಂದು ಸಾಕು. ಆದರೆ ಆ ಎಂಟರ್ ಒತ್ತಿ ಫೇರಿಸ್‌ನ ತಂದೆಯನ್ನು ಕಳಿಸಿಕೊಟ್ಟಿದ್ದು ಬರಹಗಾರ ಅಲ್ಲ, ನಾನು.

ಲೋಕ ಎಷ್ಟು ಬದಲಾಗಿದೆ ಅಂತ ತೋರಿಸೋಕೆ ಆಟದಲ್ಲಿ ಒಂದು ಮೀಟರ್ ಇದೆ. ಗಾಜಿನ ಕೊಳವೆಗಳಲ್ಲಿ ಕಿತ್ತಳೆ ಬಣ್ಣದ ಅಂಕೆಗಳು ಹೊಳೆಯುತ್ತವೆ. ದಶಮಾಂಶದ ನಂತರ ಆರು ಸ್ಥಾನ. ಒಬ್ಬರ ಇಡೀ ಬದುಕು ತಿರುಗಿಬಿದ್ದರೂ ಅಂಕೆ ಕದಲುವುದು ಕೂದಲೆಳೆಯಷ್ಟು. ಒಂದನ್ನು ದಾಟಬೇಕು ಅನ್ನುವುದೇ ಗುರಿ, ತಲುಪಬೇಕಾದ ಜಾಗ 1.048596. ಇದನ್ನು ನೋಡುವಾಗ ನನಗೆ ಹಾಸನಾಂಬ ಗುಡಿಯ ಸೊಸೆ ಕಲ್ಲು ನೆನಪಾಯಿತು. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಗುಡಿ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿರುತ್ತೆ ಅಂತ ಜನ ನಂಬುತ್ತಾರೆ. ಅಲ್ಲಿನ ಸೊಸೆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತಂತೆ. ಚಿಕ್ಕವನಿದ್ದಾಗ ಸಾಲಿನಲ್ಲಿ ನಿಂತು ನಿಂತು ಕಾಲು ನೋಯುತ್ತಿತ್ತು. ಒಳಗೆ ಹೋದ ಮೇಲೆ ನನ್ನ ಕಣ್ಣು ಮಾತ್ರ ಆ ಕಲ್ಲು ಎಷ್ಟು ಸರಿದಿದೆ ಅಂತ ಹುಡುಕುತ್ತಿತ್ತು. ಹಿಂದಿನವರು ನೂಕುತ್ತಿದ್ದರು, ಏನೂ ಕಾಣುತ್ತಿರಲಿಲ್ಲ. ಹೋದ ವರ್ಷ ಎಲ್ಲಿತ್ತು ಅಂತ ನೆನಪಿಲ್ಲದಿದ್ದರೆ ಈ ವರ್ಷ ಸರಿದಿದ್ದು ಗೊತ್ತಾಗುವುದಾದರೂ ಹೇಗೆ? ಒಕಾಬೆಯ ಮೀಟರೂ ಅಷ್ಟೇ. ಹಿಂದಿನ ಅಂಕೆ ನೆನಪಿದ್ದವನಿಗೆ ಮಾತ್ರ ಅದು ಮೀಟರು.

ತಕರಾರುಗಳು

ಹೊಗಳಿಕೆ ಸಾಕು. ಈ ಆಟದಲ್ಲಿ ನನಗೆ ಹಿಡಿಸದ ಭಾಗಗಳೂ ಇವೆ. ದಾರು ಅನ್ನುವ ಹ್ಯಾಕರ್ ಗೆಳೆಯ ಹುಡುಗಿಯರ ಬಗ್ಗೆ ಆಡುವ ಮಾತು ಅರ್ಧಕ್ಕರ್ಧ ಕಿತ್ತುಹಾಕಿದ್ದರೂ ನಷ್ಟ ಇರಲಿಲ್ಲ. ಹುಡುಗಿಯಾಗಿ ಹುಟ್ಟಬೇಕಿತ್ತು ಅಂತ ಆಸೆಪಡುವ ಲೂಕಾನ ಕಥೆಯನ್ನು ಒಂದು ಕಡೆ ಬಹಳ ಮೃದುವಾಗಿ ಬರೆದಿದ್ದಾರೆ, ಇನ್ನೊಂದು ಕಡೆ ಅದನ್ನೇ ಜೋಕು ಮಾಡಿದ್ದಾರೆ. ಎರಡೂ ಒಬ್ಬರೇ ಬರೆದಿದ್ದು ಅಂತ ನಂಬೋಕೆ ಕಷ್ಟ.

ದೊಡ್ಡ ತಕರಾರು ಕೊನೆಯ ಬಗ್ಗೆ. ಎಲ್ಲರೂ ಹೇಳುವ ಟ್ರೂ ಎಂಡಿಂಗ್ ತಲುಪಬೇಕಾದರೆ ಮಧ್ಯದ ಅಧ್ಯಾಯಗಳಲ್ಲಿ ಕುರಿಸು (ಒಕಾಬೆಯ ಗುಂಪಿನ ವಿಜ್ಞಾನಿ ಹುಡುಗಿ) ಕಳಿಸುವ ಕೆಲವು ಮೆಸೇಜುಗಳಿಗೆ ಸರಿಯಾಗಿ ಉತ್ತರ ಕೊಟ್ಟಿರಬೇಕು. ಅವು ಲೋಕ ಉಳಿಸುವ ಮೆಸೇಜುಗಳಲ್ಲ. ಸುಮ್ನೆ ಮಾತಿಗೆ ಮಾತು. ಅವುಗಳಿಂದ ಏನಾದರೂ ಆಗುತ್ತೆ ಅಂತ ಆಟ ಎಲ್ಲೂ ಹೇಳುವುದಿಲ್ಲ. ಹಾಗಾಗಿ ಬಹಳ ಜನ ಗೈಡ್ ನೋಡಿಕೊಂಡೇ ಅಲ್ಲಿಗೆ ಹೋಗುತ್ತಾರೆ. ನಾನೂ ಹಾಗೇ ಹೋಗಿದ್ದು. ಆಗ ಸಿಟ್ಟು ಬಂದಿತ್ತು, ಇದೆಂಥ ಅನ್ಯಾಯ ಅಂತ. ಈಗ ಯೋಚಿಸಿದರೆ ಸಿಟ್ಟು ಇಳಿದಿದೆ, ಪೂರ್ತಿ ಹೋಗಿಲ್ಲ. ಮೊದಲ ಅರ್ಧದ ಹರಟೆಯನ್ನು ಯಾರು ಮನಸ್ಸಿಟ್ಟು ಕೇಳಿದರೋ ಅವರು ಈ ಮೆಸೇಜುಗಳಿಗೂ ಉತ್ತರ ಕೊಟ್ಟಿರುತ್ತಾರೆ ಅಂತ ಬರೆದವರು ಅಂದುಕೊಂಡಿರಬೇಕು. ಲೆಕ್ಕ ಚೆನ್ನಾಗಿದೆ. ಆದರೆ ಸರಿಯಾದ ಉತ್ತರ ಇದೊಂದೇ ಅಂತ ಪಟ್ಟು ಹಿಡಿಯುವುದು ಹರಟೆಯ ಸ್ವಭಾವಕ್ಕೇ ವಿರುದ್ಧ ಅಲ್ವಾ?

ಆ ಕೊನೆ ಮಾತ್ರ ಜಾಣತನದ್ದು. 2025ರಿಂದ ಒಕಾಬೆಯೇ ತನಗೆ ಒಂದು ವಿಡಿಯೋ ಕಳಿಸುತ್ತಾನೆ (ಆ 2025 ನಮಗೆ ಬಂದೇಬಿಟ್ಟಿತು, ಮೈಕ್ರೋವೇವ್ ಇನ್ನೂ ಅನ್ನ ಬಿಸಿ ಮಾಡುತ್ತಿದೆ). ಮೊದಲ ಅಧ್ಯಾಯದಲ್ಲಿ ಅವನು ಕಂಡಿದ್ದು ಕುರಿಸು ರಕ್ತದಲ್ಲಿ ಬಿದ್ದಿದ್ದನ್ನು. ಕಂಡಿದ್ದನ್ನು ಬದಲಾಯಿಸುವ ಹಾಗಿಲ್ಲ. ಹಾಗಾದರೆ ಕಂಡಿದ್ದು ಹಾಗೇ ಇರಲಿ, ಆಗಿದ್ದು ಬೇರೆ ಇರಲಿ. ಅಷ್ಟೂ ಹೊತ್ತು ವಿಜ್ಞಾನದ ಕಥೆಯಾಗಿದ್ದದ್ದು ಇಲ್ಲಿ ಪಕ್ಕಾ ಪತ್ತೇದಾರಿ ಕಥೆಯಾಗುತ್ತದೆ. ಮುಗಿಸಿದ ಕೂಡಲೇ ಮೊದಲ ಅಧ್ಯಾಯವನ್ನು ಮತ್ತೆ ತೆಗೆದೆ. ಅಲ್ಲಿ ಕೇಳುವ ಆ ಕಿರುಚಾಟ ಯಾರದು ಅಂತ ಈ ಸಲ ಗೊತ್ತಿತ್ತು. ಒಂದು ಸಾಲನ್ನೂ ಅವರು ಬದಲಾಯಿಸಿಲ್ಲ. ಅಂದಹಾಗೆ ಚಿತ್ರದಲ್ಲಿರುವ ಆ ಹಳೇ ರೇಡಿಯೋ ಕೈಕನ್ ಕಟ್ಟಡವನ್ನು 2011ರಲ್ಲಿ ಕೆಡವಲು ಶುರು ಮಾಡಿದರು, ಹೊಸದು ತೆರೆದಿದ್ದು 2014ರಲ್ಲಿ. ಆಟದಲ್ಲಿ ಮಾತ್ರ ಅದು ಉಳಿದಿದೆ.

ಆಡುವವರು ಮೊದಲ ಸಲ ಗೈಡ್ ಮುಟ್ಟಬೇಡಿ ಅನ್ನುವುದು ನನ್ನ ಅಭಿಪ್ರಾಯ. ತಪ್ಪು ಕೊನೆ ಸಿಗುತ್ತದೆ, ಸಿಗಲಿ. ಅದೂ ಚೆನ್ನಾಗಿದೆ. ಮಾವನ ಚಿಕ್ಕ ಮಗಳು ಈಗ ಮೂರನೇ ಅಧ್ಯಾಯದಲ್ಲಿದ್ದಾಳೆ. ಹರಟೆ ಜಾಸ್ತಿ ಆಯ್ತು ಅಂತ ಆಗಲೇ ದೂರು. ನಿನ್ನೆ ರಾತ್ರಿ ಗೈಡ್ ಲಿಂಕ್ ಕೇಳಿ ಮೆಸೇಜ್ ಮಾಡಿದ್ದಾಳೆ. ನೋಡಿದ್ದೇನೆ, ಉತ್ತರ ಕೊಟ್ಟಿಲ್ಲ.